ಗಡಿಯಾರ ದುಂಡಗಿರಬೇಕು

ಅವರ ಬಲಗಣ್ಣಿನ ಸುತ್ತ ಒಂದು ಉಂಗುರ ಮೂಡಿತ್ತು. ಕಾಡಿಗೆಯದಲ್ಲ, ಹಚ್ಚೆಯದೂ ಅಲ್ಲ. ಹೊಸೂರಿನ ಕೈಗಡಿಯಾರದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ, ದಿನಕ್ಕೆ ಎಂಟು ಗಂಟೆ, ಆ ಕಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಡಯಲುಗಳನ್ನು ಪರೀಕ್ಷೆ ಮಾಡಿ ಮಾಡಿ ಬಿದ್ದ ಗುರುತು. ಕೆಲಸ ಬಿಟ್ಟು ಎರಡು ವರ್ಷವಾದರೂ ಅದು ಹೋಗಿರಲಿಲ್ಲ. ಎಡಗಣ್ಣಿನ ಕಥೆ ಬೇರೆ. ಅಷ್ಟೂ ವರ್ಷ ಅದನ್ನು ಮುಚ್ಚಿಕೊಂಡೇ ಕೆಲಸ ಮಾಡಿದ್ದರಿಂದ, ಯಾವುದನ್ನಾದರೂ ಗಮನವಿಟ್ಟು ನೋಡುವಾಗ ಅದು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ತರಕಾರಿ ಗಾಡಿಯ ಮುಂದೆ ನಿಂತು ಬದನೆಕಾಯಿ ಎತ್ತಿ ಹಿಡಿದು ಅವರು ಒಂದು ಕಣ್ಣು ಮುಚ್ಚಿದರೆ, ಹೊಸದಾಗಿ ಬಂದ ಗಾಡಿಯವನು ಈ ವಯಸ್ಸಿನ ಹೆಂಗಸು ತನಗೆ ಕಣ್ಣು ಹೊಡೆದಳಲ್ಲಾ ಎಂದು ಗಾಬರಿಬೀಳುತ್ತಿದ್ದ.

ಹೊಸೂರಿಗೆ ಸೇರಿದ ಮೂಕಂಡಪಲ್ಲಿಯ ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಗಡಿಯಾರದಮ್ಮ ಎನ್ನುತ್ತಿದ್ದರು. ನಮ್ಮ ಎದುರುಮನೆ. ಅವರದು ತಲೆತಲಾಂತರದಿಂದ ಹೊಸೂರಿನಲ್ಲೇ ಇದ್ದ ಮನೆತನ. ಮನೆಯಲ್ಲಿ ಕನ್ನಡ, ಎಣಿಸುವುದು ತಮಿಳಿನಲ್ಲಿ, ಬೈಯುವುದು ಮಾತ್ರ ತೆಲುಗಿನಲ್ಲಿ. ನಾವು ಮಂಡ್ಯದ ಕಡೆಯವರು. ಅಪ್ಪ ಲಾರಿ ಕಾರ್ಖಾನೆಗೆಂದು ಬಂದವರು ಇಲ್ಲೇ ನಿಂತರು, ನಾನೂ ಡಿಪ್ಲೊಮಾ ಮುಗಿಸಿ ಅದೇ ಕಾರ್ಖಾನೆಯ ಆಫೀಸಿಗೆ ಸೇರಿಕೊಂಡೆ. ಅಮ್ಮನಿಗೂ ಗಡಿಯಾರದಮ್ಮನಿಗೂ ಬೀದಿಯ ಈಚೆಯಿಂದ ಆಚೆಗೆ ದೋಸೆ ಹಿಟ್ಟು, ಮಾತು, ಮುನಿಸು ಎಲ್ಲವೂ ಓಡಾಡುತ್ತಿದ್ದವು.

ಅವರಿಗೊಂದು ಚಟವಿತ್ತು. ಏನನ್ನೇ ನೋಡಲಿ, ಅಂಚಿನಿಂದ ಶುರು ಮಾಡುತ್ತಿದ್ದರು. ಡಯಲನ್ನು ಹನ್ನೆರಡರ ತಲೆಯಿಂದ ಹಿಡಿದು ಸುತ್ತ ಒಂದು ಪ್ರದಕ್ಷಿಣೆ ಬಂದು ಆಮೇಲೆ ನಡುವಿಗೆ ಇಳಿಯಬೇಕಂತೆ. ಚಪಾತಿಯನ್ನೂ ಹಾಗೇ ನೋಡುತ್ತಿದ್ದರು, ನಾನು ಇಸ್ತ್ರಿ ಮಾಡಿದ ಅಂಗಿಯನ್ನೂ ಹಾಗೇ. “ನಡೂಗೆ ಯಾರಾದ್ರೂ ನೀಟಾಗಿ ಮಾಡ್ತಾರೆ ಕಣ್ಲಾ. ಅಂಚು ನೋಡು, ಕೆಲಸಗಾರ ಯಾರು ಅಂತ ಗೊತ್ತಾಯ್ತದೆ,” ಎನ್ನುತ್ತಿದ್ದರು. ನನ್ನ ಅಂಗಿ ಯಾವತ್ತೂ ಪಾಸಾಗಲಿಲ್ಲ.

ಎರಡು ಸಾವಿರದ ಏಳರ ಸುಮಾರಿಗೆ ನಾನು ಮೂವತ್ತೆರಡು ಇಂಚಿನ ಚಪ್ಪಟೆ ಟಿವಿ ತಂದೆ. ನಮ್ಮ ಬೀದಿಗೆ ಅದೇ ಮೊದಲನೆಯದು. ಪೆಟ್ಟಿಗೆಯ ಮೇಲೆ ‘ಎಚ್.ಡಿ. ರೆಡಿ’ ಎಂದು ಬರೆದಿತ್ತು. ಟಿವಿ ರೆಡಿಯಾಗಿತ್ತು ನಿಜ, ಅದಕ್ಕೆ ಬೇಕಾದ ಎಚ್.ಡಿ. ಚಾನೆಲ್ಲು ಹೊಸೂರಿಗೆ ಇನ್ನೂ ಹೊರಟೇ ಇರಲಿಲ್ಲ. ಹಳೆ ಡಬ್ಬಾ ಟಿವಿಯಲ್ಲಿ ಅಚ್ಚುಕಟ್ಟಾಗಿ ಬರುತ್ತಿದ್ದ ಕೇಬಲ್ ಚಿತ್ರ, ಹೊಸದರಲ್ಲಿ ಒದ್ದೆ ಕಾಗದದ ಮೇಲೆ ಬರೆದಂತೆ ಕಲಸಿಕೊಂಡು ಬಂತು. ನಾನು ಮಾತ್ರ ಒಪ್ಪಲಿಲ್ಲ. “ಆಹಾ, ಏನು ಕ್ಲಿಯರು!” ಎಂದು ಬೀದಿಯವರಿಗೆಲ್ಲ ನಾನೇ ಹೇಳಿ, ಅವರ ಬಾಯಲ್ಲೂ ಹೇಳಿಸಿದೆ.

ಗಡಿಯಾರದಮ್ಮ ಬರಿಗೈಯಲ್ಲಿ ಬರಲಿಲ್ಲ. ತಮ್ಮ ಐಗ್ಲಾಸನ್ನು ತಂದಿದ್ದರು. ಆ ಭೂತಗನ್ನಡಿಯನ್ನು ಅವರು ಕರೆಯುತ್ತಿದ್ದದ್ದು ಹಾಗೆ. ಅದನ್ನು ಬಲಗಣ್ಣಿಗೆ ಸಿಕ್ಕಿಸಿ, ಮೂಗು ತಾಗುವಷ್ಟು ಹತ್ತಿರ ಹೋಗಿ ಪರದೆಯನ್ನು ನೋಡಿದರು.

“ಅಬ್ಬಾ, ಚುಕ್ಕಿ ಬಲು ನೀಟಾಗವೆ ಕಣ್ಲಾ. ಒಂದೊಂದರಾಗೂ ಕೆಂಪು, ಹಸಿರು, ನೀಲಿ. ಎಷ್ಟು ಸಾಲು ಇರ್ಬೋದು?”

“ಏಳುನೂರ ಅರವತ್ತೆಂಟು ಸಾಲು,” ಎಂದೆ. ಪುಸ್ತಿಕೆಯಲ್ಲಿದ್ದ ಆ ಅಂಕಿಯನ್ನು ಬಾಯಿಪಾಠ ಮಾಡಿದ್ದೆ.

“ಕೇಬಲ್ನೋನು ಅಷ್ಟೂ ಕಳಿಸ್ತಾನಾ?”

ಈ ಪ್ರಶ್ನೆ ನನಗೆ ಅಂಗಡಿಯಲ್ಲೂ ಹೊಳೆದಿರಲಿಲ್ಲ. ಆ ವಾರವೆಲ್ಲ ಎಲೆಕ್ಟ್ರಾನಿಕ್ಸ್ ಓದಿದ್ದ ಸಹೋದ್ಯೋಗಿಯ ಬೆನ್ನು ಬಿದ್ದು ಕೇಳಿ ತಿಳಿದುಕೊಂಡು, ಮುಂದಿನ ಭಾನುವಾರ ಅವರ ಜಗುಲಿಯ ಮೇಲೆ ಕೂತು ವಿವರಿಸಿದೆ. ಕೇಬಲಿನಲ್ಲಿ ಬರುವ ಚಿತ್ರಕ್ಕೆ ಐನೂರ ಎಪ್ಪತ್ತಾರೇ ಗೆರೆ. ಟಿವಿಯಲ್ಲಿರುವ ಸಾಲುಗಳು ಅದಕ್ಕಿಂತ ಹೆಚ್ಚು. ಸಾಲುಗಳನ್ನು ಖಾಲಿ ಬಿಡುವಂತಿಲ್ಲ. ಹಾಗಾಗಿ ಬಂದ ಪ್ರತಿ ಮೂರು ಗೆರೆಗಳನ್ನು ಟಿವಿ ನಾಲ್ಕು ಮಾಡಿಕೊಳ್ಳುತ್ತದೆ.

ಅವರು ಎಡಗೈಯ ಮೂರು ಬೆರಳು ಎತ್ತಿ ಹಿಡಿದರು. “ಇವು ಬಂದವು. ನಾಕನೇದು ಯಾರ್ದು?”

“ಅಕ್ಕಪಕ್ಕದ ಗೆರೆ ನೋಡಿ, ಅವೆರಡರ ನಡುವಿನ ಬಣ್ಣ ಊಹಿಸಿ ಹಾಕುತ್ತೆ.”

“ಮೂರು ಬೆರಳಿನ ಜಾಗದಾಗೆ ನಾಕು ತೂರಿಸ್ಬೇಕು ಅಂದ್ರೆ ಈ ಮೂರೂ ಇದ್ದಲ್ಲೇ ಇರಾಕಾಗಲ್ಲವಲ್ಲ. ಅವೂ ಅತ್ತಿತ್ತ ಜರುಗಿ ಒಂದರೊಳಗೊಂದು ಕಲಸೋಯ್ತವೆ.”

ಒಂದು ವಾರ ತಲೆ ಕೆಡಿಸಿಕೊಂಡು ನಾನು ತಿಳಿದುಕೊಂಡದ್ದನ್ನು ಅವರು ಮೂರು ಬೆರಳಿನಲ್ಲಿ ಮುಗಿಸಿದ್ದರು. ಚಿತ್ರ ಮಂಕಾಗಿ ಕಾಣುತ್ತಿದ್ದುದಕ್ಕೆ ಕಾರಣ ಅದೇ ಆಗಿತ್ತು.

“ಹೋಗ್ಲಿ ಬುಡು, ಊಹೆ ಮಾಡ್ಕೊಳ್ಲಿ. ಊಹೆ ಅಂತ ಒಂದು ಚೀಟಿ ಅಂಟಿಸ್ಬೇಕಿತ್ತು ಅಷ್ಟೇ,” ಎಂದರು. ಆಮೇಲೆ ಇನ್ನೊಂದು ತಕರಾರು ತೆಗೆದರು. ತಮಿಳು ವಾರ್ತೆಯ ಕೆಳಗೆ ಓಡುವ ಅಕ್ಷರಗಳು ನಮ್ಮ ಟಿವಿಯಲ್ಲಿ ಮೊಣಕಾಲಿನವರೆಗೆ ಮಾತ್ರ ಕಾಣುತ್ತವಂತೆ, ಪಾದ ಇಲ್ಲವಂತೆ. “ಅಂಚು ಎತ್ತಲಾಗೆ ಹೋಯ್ತು?”

ಎಲ್ಲ ಟಿವಿಗಳೂ ಚಿತ್ರವನ್ನು ಒಂಚೂರು ಹಿಗ್ಗಿಸಿ ಸುತ್ತಲ ಅಂಚನ್ನು ಪರದೆಯಾಚೆಗೆ ತಳ್ಳುತ್ತವೆ, ಅಲ್ಲಿ ಮುಖ್ಯವಾದದ್ದೇನೂ ಇರುವುದಿಲ್ಲ ಎಂದೆ. “ಅಪ್ಪಡಿಯಾ?” ಎಂದರು. ತಮಿಳಿನಲ್ಲಿ ಹೌದಾ ಎಂದರೆ ಅವರಿಗೆ ನಂಬಿಕೆ ಬಂದಿಲ್ಲ ಎಂದು ಅರ್ಥ.

ನಾನು ಮನೆಗೆ ಬಂದ ಮೇಲೆ ಅಮ್ಮನ ತಕರಾರು ಶುರುವಾಯಿತು. ಕೇಬಲ್ ಚಿತ್ರ ಹಳೆ ಟಿವಿಗಳ ಅಳತೆಯದು, ಚೌಕಕ್ಕೆ ಹತ್ತಿರ. ಹೊಸ ಟಿವಿ ಅಗಲ. ಆದ್ದರಿಂದ ಎಡಕ್ಕೂ ಬಲಕ್ಕೂ ಒಂದೊಂದು ಕಪ್ಪು ಪಟ್ಟಿ ಉಳಿಯುತ್ತಿತ್ತು. “ಕಪ್ಪು ಪಟ್ಟಿ ನೋಡಾಕೆ ಇಷ್ಟು ದೊಡ್ಡ ಟಿವಿ ತಂದ್ಯೇನೋ?” ಎಂದರು ಅಮ್ಮ. ನನಗೂ ಆ ಪಟ್ಟಿಗಳು ಹಲ್ಲು ಬಿದ್ದ ಬಾಯಿಯ ಹಾಗೆ ಅವಮಾನವೆನಿಸುತ್ತಿದ್ದವು. ರಿಮೋಟಿನಲ್ಲಿ ‘ಫುಲ್’ ಎಂಬುದನ್ನು ಒತ್ತಿದೆ. ಚಿತ್ರ ಎರಡೂ ಕಡೆಗೆ ಹಿಗ್ಗಿ ಪರದೆ ತುಂಬಿತು. ಮೊದಲ ದಿನ ವಾರ್ತೆ ಓದುವವರ ಕೆನ್ನೆ ಊದಿದಂತೆ ಕಂಡದ್ದು ನಿಜ. ಒಂದು ವಾರ ಕಳೆಯುವಷ್ಟರಲ್ಲಿ ನಮ್ಮ ಕಣ್ಣು ಅದಕ್ಕೆ ಹೊಂದಿಕೊಂಡಿತು, ಲೋಕವೇ ಸ್ವಲ್ಪ ಪುಷ್ಟಿಯಾಗಿದೆ ಎಂದು ಸುಮ್ಮನಾದೆವು.

ಅದೇ ತಿಂಗಳು ಕೃಷ್ಣಗಿರಿಯಿಂದ ಒಂದು ಸಂಬಂಧ ಬಂತು.

ಇಲ್ಲಿ ನಮ್ಮ ಮನೆಯ ಒಂದು ನಿಯಮ ಹೇಳಬೇಕು. ಅಮ್ಮ, ಪೂರ್ತಿ ಒಪ್ಪಿಗೆಯಾಗುವ ಮುಂಚೆ ಹೆಣ್ಣು ನೋಡಲು ಹೋಗುತ್ತಿರಲಿಲ್ಲ. ಅವರ ಅಕ್ಕನನ್ನು ನೋಡಲು ಹಿಂದೆ ಏಳೆಂಟು ಮನೆಯವರು ಬಂದು ಕೇಸರಿಬಾತು ತಿಂದು, ಆಮೇಲೆ ಹೇಳಿ ಕಳಿಸುತ್ತೇವೆಂದು ಎದ್ದು ಹೋಗಿದ್ದರಂತೆ. “ಅವರು ತಿಂದು ಬುಟ್ಟ ತಟ್ಟೆ ತೊಳೆದೋಳು ನಾನು. ಆ ಕೆಲಸ ಇನ್ನೊಂದು ಮನೆ ಹುಡುಗಿಗೆ ಕೊಡಾಕಿಲ್ಲ,” ಎನ್ನುತ್ತಿದ್ದರು. ಒಳ್ಳೆಯ ನಿಯಮವೇ. ಅದರಿಂದಾಗಿ ಮನೆಯಲ್ಲಿ ಕೂತು ನೋಡುವ ಫೋಟೊ ಮತ್ತು ಸಿ.ಡಿ.ಯ ಮೇಲೆ ಎಲ್ಲವೂ ನಿಂತಿತ್ತು. ಹುಡುಗಿಯ ಅಕ್ಕನ ಮದುವೆಯ ಸಿ.ಡಿ. ಕಳಿಸಿದ್ದರು. ಭಾನುವಾರ ಮಧ್ಯಾಹ್ನದೊಳಗೆ ಫೋನು ಮಾಡಿ ಹೌದೋ ಅಲ್ಲವೋ ಹೇಳುವುದೆಂದು ಮಾತಾಗಿತ್ತು.

ಭಾನುವಾರ ಬೆಳಿಗ್ಗೆ ಸಿ.ಡಿ. ಹಾಕಿದೆವು. ಊಟದ ಪಂಕ್ತಿಯಲ್ಲಿ ಹುಡುಗಿ ಬಡಿಸುತ್ತಿದ್ದಳು. ಫ್ಯಾನಿನ ಗಾಳಿಗೆ ಒಬ್ಬ ಮುದುಕರ ಬಾಳೆಲೆಯ ತುದಿ ಎದ್ದೆದ್ದು ಬೀಳುತ್ತಿತ್ತು. ಆಕೆ ಒಂದು ಕೈಯಲ್ಲಿ ಆ ಎಲೆಯ ತುದಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಪಲ್ಯ ಬಡಿಸಿದಳು, ಮುಂದೆ ಹೋಗುವಾಗ ನೀರಿನ ಲೋಟವನ್ನು ಆ ತುದಿಯ ಮೇಲೆ ಇಟ್ಟು ಹೋದಳು. ಅಷ್ಟೇ ನಡೆದದ್ದು. ನನಗೆ ಆಕೆಯನ್ನೇ ಮದುವೆಯಾಗಬೇಕು ಎನ್ನಿಸಿಬಿಟ್ಟಿತು. ಬಾಯಿ ಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ಅಮ್ಮ ನಿಟ್ಟುಸಿರು ಬಿಟ್ಟರು. “ಫೋಟೋದಾಗೆ ಹಿಂಗಿರ್ಲಿಲ್ಲ. ನೀನು ಕಡ್ಡಿ, ಅವ್ಳು ನೋಡಿದ್ರೆ ನಿನ್ನ ಎರಡರಷ್ಟು. ಅವ್ಳೊಬ್ಬಳೇ ಅಲ್ಲ, ಅವ್ರ ವಂಶವೇ ಹಂಗೈತೆ. ಕೆನ್ನೆ ಮ್ಯಾಲೆ ಕಲೆ ಬೇರೆ.”

“ಫೋಟೋ ಸರಿಯಾಗೇ ಇತ್ತಲ್ಲಮ್ಮ.”

“ಸ್ಟುಡಿಯೋದೋರು ತಿದ್ದಿರ್ತಾರೆ. ಇಷ್ಟು ದೊಡ್ಡ ಟಿವಿ ಸುಳ್ಳು ಹೇಳುತ್ತಾ?”

ಅದು ನನ್ನದೇ ಮಾತು, ತಿಂಗಳಿಂದ ಬೀದಿಗೆಲ್ಲ ನಾನೇ ಸಾರಿದ್ದು. ಅಪ್ಪ ಪೇಪರಿನ ಹಿಂದೆ ಸೇರಿಕೊಂಡರು. “ಜಾತಕ ಕೂಡ್ನಿಲ್ಲ ಅಂತ ಹೇಳ್ಬುಡಾನ, ಅವ್ರಿಗೂ ಬೇಜಾರಿರಾಕಿಲ್ಲ,” ಎನ್ನುತ್ತಾ ಅಮ್ಮ ಫೋನಿನ ಕಡೆ ನಡೆದರು. ನಾನು ಎದ್ದು ನಿಂತೆ, ಮತ್ತೆ ಕೂತೆ. ಈಗ ನೆನೆಸಿಕೊಂಡರೂ ನಾಚಿಕೆಯಾಗುತ್ತದೆ.

ಆ ಹೊತ್ತಿಗೆ ಗಡಿಯಾರದಮ್ಮ ದೋಸೆ ಹಿಟ್ಟಿನ ಪಾತ್ರೆ ಹಿಂದಿರುಗಿಸಲು ಬಂದರು. ಬಾಗಿಲಲ್ಲೇ ನಿಂತು ಟಿವಿ ನೋಡಿದರು. ಅವರ ಎಡಗಣ್ಣು ಮುಚ್ಚಿಕೊಂಡಿತು. ಅವರು ನೋಡುತ್ತಿದ್ದದ್ದು ಹುಡುಗಿಯನ್ನಲ್ಲ, ಪರದೆಯ ಮೇಲಂಚಿನಲ್ಲಿದ್ದ, ಊಟದ ಕೋಣೆಯ ಗೋಡೆ ಗಡಿಯಾರವನ್ನು.

“ನಿಲ್ಸು,” ಎಂದರು. ನಿಲ್ಲಿಸಿದೆ. “ಆ ಗಡಿಯಾರ ಯಾರು ಮಾಡಿದ್ದು?”

“ಯಾಕಮ್ಮ?”

“ಮೊಟ್ಟೆ ಥರ ಗಡಿಯಾರ ಯಾವನು ಮಾಡ್ತಾನೆ ಅಂತ.”

ಅಮ್ಮ ಫೋನು ಹಿಡಿದೇ ಹೇಳಿದರು: “ಈಗೆಲ್ಲ ಫ್ಯಾನ್ಸಿ ಬತ್ತವೆ ಬುಡಿ.”

“ಸ್ಟೀಲ್ ಸ್ಕೇಲ್ ಐತಾ?”

ನನ್ನ ಡಿಪ್ಲೊಮಾ ಕಾಲದ ಸ್ಕೇಲು ತಂದುಕೊಟ್ಟೆ. ಪಾತ್ರೆ ಕೆಳಗಿಟ್ಟು, ಪರದೆಗೆ ತಾಗಿಸದೆ ಸ್ಕೇಲು ಹಿಡಿದು ಅಳೆದರು. “ಅಡ್ಡ ಎಂಟು ಸೆಂಟಿ. ಉದ್ದ ಆರು.” ಆಮೇಲೆ ಎಲೆಯ ಮೇಲಿದ್ದ ಲಾಡನ್ನು ತೋರಿಸಿದರು. ಅದೂ ಮೊಟ್ಟೆ. ಮೂಲೆಯಲ್ಲಿದ್ದ ಡೋಲಿನ ಬಾಯಿಯೂ ಮೊಟ್ಟೆ. “ಲಾಡೂನೂ ಫ್ಯಾನ್ಸಿನಾ?” ಎಂದು ಅಮ್ಮನ ಕಡೆ ತಿರುಗಿದರು. “ಏನಮ್ಮಾ, ಒಂದು ಡಯಲ್ನಾಗೆ ಐಬು ಕಂಡ್ರೆ ಅದು ಡಯಲ್ದು. ಟ್ರೇನಾಗಿರೋ ಎಲ್ಲಾ ಡಯಲ್ನಾಗೂ ಒಂದೇ ಐಬು ಕಂಡ್ರೆ, ನಿನ್ನ ಐಗ್ಲಾಸು ತೆಗೆದು ಒರೆಸ್ಕೋ ಅಂತ ನಂಗೆ ಮೊದ್ಲನೇ ದಿನವೇ ಹೇಳಿಕೊಟ್ಟಿದ್ರು. ಇವ್ರ ವಂಶವೇ ಅಗಲ ಅಂತ ಕಂಡ್ರೆ ವಂಶದ್ದಲ್ಲ ತಪ್ಪು.”

ಆಗ ನನಗೆ ಹೊಳೆಯಿತು. ಹಳೆ ಅಳತೆಯ ಚಿತ್ರ, ಅಗಲದ ಪರದೆ, ನಾನೇ ಒತ್ತಿದ ‘ಫುಲ್’. ಮೂರು ಪಾಲು ಅಗಲವಿದ್ದದ್ದನ್ನು ನಾಲ್ಕು ಪಾಲಿಗೆ ಎಳೆದಿದ್ದೆ. ಆರು ಇದ್ದದ್ದು ಎಂಟಾಗುವುದು ಸರಿಯಾದ ಲೆಕ್ಕವೇ. ರಿಮೋಟು ತೆಗೆದುಕೊಂಡು ಒಂದು ಗುಂಡಿ ಒತ್ತಿದೆ. ಎರಡೂ ಕಡೆ ಕಪ್ಪು ಪಟ್ಟಿ ಬಂತು, ಗಡಿಯಾರ ದುಂಡಗಾಯಿತು, ಲಾಡು ದುಂಡಗಾಯಿತು. ಗಡಿಯಾರದಮ್ಮ ನಂಬದೆ ಮತ್ತೆ ಅಳೆದರು. “ಅಡ್ಡ ಆರು, ಉದ್ದ ಆರು. ಈಗ ಹುಡುಗೀನ ನೋಡಿ.”

ಅಮ್ಮ ಫೋನು ಇಟ್ಟು ಬಂದು ಕೂತರು. ಬಹಳ ಹೊತ್ತು ನೋಡಿದರು. “ಆದ್ರೂ ಆ ಕಲೆ...” ಎಂದರು. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಗಡಿಯಾರದಮ್ಮ ಬೀದಿ ದಾಟಿ ಹೋಗಿ ಐಗ್ಲಾಸು ತಂದರು. ಪರದೆಗೆ ಮೂಗು ಹಚ್ಚಿ ಹುಡುಗಿಯ ಕೆನ್ನೆ ನೋಡಿದರು, ಪುರೋಹಿತರ ಹಣೆ ನೋಡಿದರು, ಬಾಳೆಕಂಬ ನೋಡಿದರು. “ಚೌಕ,” ಎಂದರು. “ಎಲ್ಲಾ ಚೌಕ ಚೌಕ. ಮುಖದ ಮ್ಯಾಲಿನ ಕಲೆ ಯಾವತ್ತಾದ್ರೂ ಸ್ಕೇಲ್ ಇಟ್ಟು ಗೀರ್ದಂಗೆ ಇರುತ್ತಾ? ಬಾಳೆಕಂಬಕ್ಕೂ ಅದೇ ಕಲೆ ಬಂದೈತೆ ನೋಡಿ.”

ಈ ಸಲ ನನಗೆ ಗೊತ್ತಿತ್ತು. ಸಿ.ಡಿ.ಯಲ್ಲಿ ಚಿತ್ರದ ಗೆರೆಗಳು ಕೇಬಲಿಗಿಂತಲೂ ಅರ್ಧ ಕಡಿಮೆ. ಇಡೀ ಮದುವೆಯನ್ನು ಎರಡು ತಟ್ಟೆಗಳಲ್ಲಿ ತುಂಬಬೇಕಾದ್ದರಿಂದ ಚಿತ್ರವನ್ನು ಚೌಕ ಚೌಕ ಮಾಡಿ ಅದುಮಿರುತ್ತಾರೆ. ಟಿವಿಗೆ ಕೆನ್ನೆ ಯಾವುದು ಚೌಕ ಯಾವುದು ತಿಳಿಯದು, ಬಂದದ್ದನ್ನೆಲ್ಲ ನಿಜವೆಂದು ನಂಬಿ ದೊಡ್ಡದು ಮಾಡುತ್ತದೆ. ಇದನ್ನೆಲ್ಲ ಅಮ್ಮನಿಗೆ ಬಡಬಡನೆ ಹೇಳಿದೆ. ಅಮ್ಮ ಕೇಳಿಸಿಕೊಂಡರೋ ಇಲ್ಲವೋ. ಅವರ ಕಣ್ಣು ತುಂಬಿತ್ತು. “ಮನೆಗೋಗಿ ತಿಂದು ಬ್ಯಾಡ ಅನ್ನಬಾರ್ದು ಅಂತಿದ್ದೆ. ಹೋಗದೇನೇ, ಕೂತಲ್ಲೇ ಬ್ಯಾಡ ಅಂತಿದ್ನಲ್ಲಾ,” ಎಂದರು.

ಗಡಿಯಾರದಮ್ಮ ಅಮ್ಮನ ಪಕ್ಕ ಕೂತರು. “ಹುಡುಗಿ ದಪ್ಪ ಇದ್ರೆ ಇರ್ಲಿ, ಸಣ್ಣ ಇದ್ರೆ ಇರ್ಲಿ. ಬ್ಯಾಡ ಅನ್ನೋದು ನಿಮ್ಮಿಷ್ಟ. ತಪ್ಪು ಅಳತೆ ಇಟ್ಕೊಂಡು ರಿಜೆಕ್ಟ್ ಮಾಡ್ಬ್ಯಾಡಿ ಅಷ್ಟೇ. ನಾನೂ ಒಂದ್ಸಲ ಹಂಗೆ ಮಾಡಿದ್ದೆ. ಇಡೀ ಟ್ರೇ ವಾಪಸ್ ಕಳಿಸ್ಬುಟ್ಟೆ. ಗೀರು ಇದ್ದದ್ದು ನನ್ನ ಐಗ್ಲಾಸ್ನಾಗೆ. ಡಯಲ್ ಪ್ರಿಂಟ್ ಮಾಡೋ ಹುಡುಗಿ ನಾಕು ದಿನ ಅತ್ತವ್ಳೆ. ನಾನೇ ಹೋಗಿ ಸಾರಿ ಕೇಳಿ, ಅವ್ಳ ಟ್ರೇ ಅವ್ಳ ಮುಂದೇನೇ ಪಾಸ್ ಮಾಡ್ದೆ.”

ಆಮೇಲೆ ಆ ಉಂಗುರದ ಕಣ್ಣು ನನ್ನ ಕಡೆ ತಿರುಗಿತು. “ನಿಂಗೆ ಹುಡುಗಿ ಇಷ್ಟ ಆಗೈತೇನ್ಲಾ?”

“ಆಗೈತೆ,” ಎಂದೆ.

“ಮತ್ತೆ ಬಾಯಿಗೇನಾಗಿತ್ತು ರೋಗ?” ಎಂದವರು, ಇನ್ನೂ ನಾಲ್ಕು ಮಾತು ತೆಲುಗಿನಲ್ಲಿ ಸೇರಿಸಿದರು. ಅಪ್ಪ ಪೇಪರಿನ ಹಿಂದೆ ನಕ್ಕರು. ಅಮ್ಮ ಕಣ್ಣೊರೆಸಿಕೊಂಡು ಫೋನೆತ್ತಿ, ಮುಂದಿನ ಭಾನುವಾರ ಬರುತ್ತೇವೆ ಎಂದರು. ನಮ್ಮ ಮನೆಯಲ್ಲಿ ಬರುತ್ತೇವೆ ಎಂದರೆ ಏನೆಂದು ಆ ಹೊತ್ತಿಗೆ ಕೃಷ್ಣಗಿರಿಯವರಿಗೂ ಗೊತ್ತಿತ್ತು.

ಕೃಷ್ಣಗಿರಿಯಲ್ಲಿ ಕಂಡ ಹುಡುಗಿ ದಪ್ಪಗೂ ಇರಲಿಲ್ಲ, ಸಣ್ಣಗೂ ಇರಲಿಲ್ಲ, ತನ್ನಷ್ಟಕ್ಕೆ ತಾನಿದ್ದಳು. ಅಮ್ಮ ಎರಡು ಸಲ ಕೇಸರಿಬಾತು ಹಾಕಿಸಿಕೊಂಡು ತಿಂದು, ತಟ್ಟೆಯನ್ನು ತಾವೇ ತೊಳೆಯಲು ಹೋಗಿ ಅವರ ಮನೆಯವರನ್ನು ಗಾಬರಿಪಡಿಸಿದರು. ಈ ಸಿ.ಡಿ.ಯ ಕಥೆಯನ್ನು ಹೆಂಡತಿಗೆ ನಾನು ಮದುವೆಯಾಗಿ ಆರು ತಿಂಗಳ ಮೇಲೆ ಹೇಳಿದೆ. ಅವಳು ಬಿದ್ದುಬಿದ್ದು ನಕ್ಕಳು. ಈಗಲೂ ರವಿಕೆ ಬಿಗಿಯಾದಾಗಲೆಲ್ಲ, “ನಿಮ್ಮ ಟಿವಿ ಆವತ್ತೇ ಹೇಳಿತ್ತಲ್ಲ, ಕೇಳಬೇಕಿತ್ತು,” ಎನ್ನುತ್ತಾಳೆ.

ನಮ್ಮ ಮದುವೆಗೆ ಗಡಿಯಾರದಮ್ಮ ಮೊದಲ ಬಸ್ಸಿಗೇ ಬಂದು, ಹೊರಟದ್ದು ಕೊನೆಯವರಾಗಿ. ವಿಡಿಯೋದವನ ಹಿಂದೆ ಸುತ್ತಿ “ಅಂಚು ಬುಡ್ಬ್ಯಾಡಪ್ಪಾ” ಎಂದು ಅವನ ಪ್ರಾಣ ತಿಂದರು. ತಿಂಗಳ ಮೇಲೆ ಡಿ.ವಿ.ಡಿ. ಬಂದಾಗ ನಮ್ಮ ಮನೆಯಲ್ಲೇ ಕೂತು ಪೂರ್ತಿ ನೋಡಿದರು. ಅದರಲ್ಲಿ ಅವರು ಎಲ್ಲೂ ಇರಲಿಲ್ಲ. ಧಾರೆಯ ಹೊತ್ತಿನಲ್ಲಿ ಪರದೆಯ ಎಡತುದಿಯಲ್ಲಿ ಒಂದು ಕೈ ಮಾತ್ರ ಕಂಡಿತು, ಮಣಿಕಟ್ಟಿನಲ್ಲಿ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ.

“ಅದು ನನ್ನ ಕೈ ಕಣ್ಲಾ. ಮಿಕ್ಕಿದ್ದೆಲ್ಲಿ?”

“ವಿಡಿಯೋದವನು ಬಿಟ್ಟಿದ್ದಾನೆ ಅಮ್ಮ.”

“ಅವ್ನು ಬುಟ್ಟಿಲ್ಲ. ಆವತ್ತೇ ಅವನ ಕ್ಯಾಮೆರಾದಾಗೇ ಹಾಕ್ಸಿ ನೋಡಿದ್ದೆ, ಪೂರ್ತಿ ಇದ್ದೆ. ಇದು ನಿನ್ನ ಟಿವಿ ತಿಂದಿರೋ ಅಂಚು.”

ನಾನು ನಕ್ಕು ಮಾತು ಬದಲಾಯಿಸಿದೆ. ಅವರೂ ನಕ್ಕರು, “ಅಪ್ಪಡಿಯಾ” ಎಂದರು.

ಅವರು ತೀರಿಕೊಂಡದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕಿ, ತಲೆ ಸುತ್ತುತ್ತದೆಂದು ಜಗುಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ನರಳಲಿಲ್ಲ, ಯಾರಿಗೂ ಭಾರವಾಗಲಿಲ್ಲ. ಅಮ್ಮ ಮೂರು ದಿನ ಎದುರುಮನೆ ಕಾಣುವ ಕಿಟಕಿ ತೆರೆಯಲಿಲ್ಲ. ಅವರಿದ್ದಾಗ ಒಮ್ಮೆಯೂ ಕೈಮುಗಿದು ಹೇಳದ ಕೃತಜ್ಞತೆ ನನ್ನಲ್ಲಿ ಹಾಗೇ ಉಳಿದುಬಿಟ್ಟಿತು.

ಆ ಟಿವಿ ಕೆಟ್ಟು ಹೊಸದು ಬಂದ ವರ್ಷ, ಒಂದು ಮಧ್ಯಾಹ್ನ ಹೆಂಡತಿ ಸುಮ್ಮನೆ ಮದುವೆಯ ಡಿ.ವಿ.ಡಿ. ಹಾಕಿ ಕೂತಿದ್ದಳು. ಹೊಸ ಟಿವಿಯಲ್ಲಿ ಚಿತ್ರವನ್ನು ಹಿಗ್ಗಿಸದೆ, ಬಂದದ್ದನ್ನು ಬಂದ ಹಾಗೇ ಅಂಚಿನ ಸಮೇತ ತೋರಿಸುವ ಒಂದು ಆಯ್ಕೆ ಇತ್ತು. ಅವಳು ಅದನ್ನು ಒತ್ತಿದಳು. ಚಿತ್ರ ಎರಡು ಬೆರಳಿನಷ್ಟು ಒಳಗೆ ಸರಿಯಿತು.

“ಬನ್ನಿ ಇಲ್ಲಿ,” ಎಂದು ಕೂಗಿದಳು.

ಎಡತುದಿಯಲ್ಲಿ, ಆ ಕೈಯ ಜೊತೆಗೆ ಇಡೀ ಗಡಿಯಾರದಮ್ಮ ನಿಂತಿದ್ದರು. ಮೈಸೂರು ರೇಷ್ಮೆ, ಮುಡಿಯಲ್ಲಿ ಕನಕಾಂಬರ. ಎಲ್ಲರೂ ನಮ್ಮ ತಲೆಯ ಮೇಲೆ ಅಕ್ಷತೆ ಹಾಕುತ್ತಿದ್ದರೆ, ಅವರು ಮಾತ್ರ ಎಡಗಣ್ಣು ಮುಚ್ಚಿ ಛತ್ರದ ಗೋಡೆ ಗಡಿಯಾರವನ್ನು ನೋಡುತ್ತಿದ್ದರು. ಇನ್ನೊಂದು ಕೈಯ ಮುಷ್ಟಿಯಲ್ಲಿ ಅಕ್ಷತೆ ಹಾಗೇ ಇತ್ತು. ಗಡಿಯಾರ ಪಾಸಾಯಿತೆಂದು ತೋರುತ್ತದೆ, ತಲೆಯಾಡಿಸಿದರು. ಆಮೇಲೆ ನಮ್ಮ ಕಡೆ ತಿರುಗಿ ಅಕ್ಷತೆ ಹಾಕಿದರು.

ಅಷ್ಟೂ ವರ್ಷ ನಾವು ನೋಡದೇ ಇದ್ದ ಅಕ್ಷತೆ ಅದು. ಅಮ್ಮ ಒಳಗಿನಿಂದ ಬಂದು ನೋಡಿದರು. ಹತ್ತಿರ ಹೋಗಿ ಪರದೆಯ ಅಂಚನ್ನು ಸೆರಗಿನಿಂದ ಒಂದು ಸಲ ಒರೆಸಿದರು.

“ಇವತ್ತು ಪೂರ್ತಿ ಬಂದ್ರು,” ಎಂದರು.